ಪಾಲಿಹೌಸಿನ ಕುಂಡಗಳಿಗೆ ತಳದಿಂದ ನೀರುಣಿಸಿ

ಪಾಲಿಹೌಸಿನಲ್ಲಿ ಸಣ್ಣ ಕುಂಡಗಳ ಹೂಗಿಡಗಳನ್ನು ಬೆಳೆಸುವವರು ಮೇಲಿನಿಂದ ಪೈಪು ಹಿಡಿಯುವ ಬದಲು, ಕುಂಡಗಳನ್ನು ಸಮತಟ್ಟಾದ ಟ್ರೇಗಳಲ್ಲಿಟ್ಟು ಸುಮಾರು 2 ಸೆಂಟಿಮೀಟರ್ ನೀರು ನಿಲ್ಲಿಸಿ, ಕುಂಡದೊಳಗಿನ ಮೇಲ್ಪದರ ತೇವಗೊಂಡ ಕೂಡಲೇ ಉಳಿದ ನೀರನ್ನು ತೊಟ್ಟಿಗೆ ಬಸಿದುಕೊಂಡು ಮುಂದಿನ ಸರದಿಗೆ ಬಳಸಿಕೊಳ್ಳಬಹುದು. ಮೇಲಿನಿಂದ ಹಾಯಿಸಿದ ನೀರಿನಲ್ಲಿ ಬಹುಪಾಲು ಎಲೆಗಳಿಗೆ ತಾಗಿ ಕುಂಡಗಳ ನಡುವಿನ ನೆಲಕ್ಕೆ ಬೀಳುತ್ತದೆ. ತಳದ ರಂಧ್ರದಿಂದ ಏರುವ ನೀರಾದರೋ ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಕುಂಡದಲ್ಲಿ ತುಂಬಿದ ಕೋಕೋಪೀಟಿನ (ತೆಂಗಿನ ನಾರಿನ ಪುಡಿಯ) ಸೂಕ್ಷ್ಮ ಸಂದುಗಳ ಮೂಲಕ ಬೇರಿನ ವಲಯಕ್ಕೆ ಸಮನಾಗಿ ಹರಡುತ್ತದೆ, ಎಲೆಗಳು ಒದ್ದೆಯಾಗದೆ ಇರುವುದರಿಂದ ಬೂಷ್ಟು ಮತ್ತು ಎಲೆಚುಕ್ಕೆ ರೋಗಗಳೂ ಕಡಿಮೆಯಾಗುತ್ತವೆ. ಪೋಷಕಾಂಶಗಳು ಬಸಿದು ಹೋಗದ ಕಾರಣ ನೀರಿನಲ್ಲಿ ಕರಗಿಸುವ ಗೊಬ್ಬರವನ್ನು ಎಂದಿನ ಪ್ರಮಾಣದ ಸುಮಾರು ಅರ್ಧಕ್ಕೆ ಇಳಿಸುವುದು ಅಗತ್ಯ. ಇದನ್ನು ಮರೆತರೆ ಲವಣಗಳು ಕುಂಡದ ಮೇಲ್ಪದರದಲ್ಲಿ ಬಿಳಿಯಾಗಿ ಕಟ್ಟಿಕೊಂಡು ಎಲೆಯಂಚುಗಳು ಸುಡುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರನ್ನು ಬಳಸುವವರು ತಿಂಗಳಿಗೊಮ್ಮೆಯಾದರೂ ಈ ಲವಣ ತೊಳೆದುಹೋಗುವಂತೆ ಮೇಲಿನಿಂದ ಧಾರಾಳವಾಗಿ ನೀರು ಹಾಯಿಸಿ, ಆ ಬಸಿದ ನೀರನ್ನು ಮಾತ್ರ ಮರುಬಳಕೆಗೆ ಸೇರಿಸದೆ ಹೊರಚೆಲ್ಲಬೇಕು. ತೆಂಗಿನ ಸಿಪ್ಪೆಯ ದಪ್ಪ ಚೂರು ಅಥವಾ ಇದ್ದಿಲು ತುಂಬಿದ ಆರ್ಕಿಡ್ ಕುಂಡಗಳಲ್ಲಿ, ತೀರ ಆಳವಾದ ಕುಂಡಗಳಲ್ಲಿ, ಹಾಗೂ ಒಮ್ಮೆ ಪೂರ್ತಿ ಒಣಗಿ ಗಟ್ಟಿಯಾದ ಕೋಕೋಪೀಟಿನಲ್ಲಿ ನೀರು ಸರಿಯಾಗಿ ಮೇಲೇರುವುದಿಲ್ಲವಾದ್ದರಿಂದ ಅಲ್ಲಿ ಈ ಕ್ರಮ ಫಲ ಕೊಡದು. ಒಂದೇ ಒಂದು ಗಿಡಕ್ಕೆ ಬೇರು ಕೊಳೆ ರೋಗ ತಗುಲಿದ್ದರೂ ಹಂಚಿಕೊಂಡ ನೀರು ಅದನ್ನು ಇಡೀ ಟ್ರೇಗೆ ದಾಟಿಸಬಹುದು. ಆದ್ದರಿಂದ ಬಾಡಿದ ಗಿಡವನ್ನು ನೀರು ತುಂಬುವ ಮೊದಲೇ ಬೇರ್ಪಡಿಸಿ, ಆ ಟ್ರೇಯ ನೀರನ್ನು ಮತ್ತೆ ಬಳಸಬೇಡಿ.