ಫ್ರಿಜ್ ಹಿಂದಿನ ಬಿಸಿ ಗಾಳಿಗೆ ದಾರಿ ಮಾಡಿದ್ದು

ಕಳೆದ ಏಪ್ರಿಲ್‌ನಲ್ಲಿ ಅಪ್ಪ, ಅವ್ವನನ್ನು ಕರೆದುಕೊಂಡು ನಮ್ಮ ವ್ಯಾನಿನಲ್ಲಿ ಲಕ್ಕುಂಡಿಗೆ ಹೋಗಿದ್ದೆ. ಹುಬ್ಬಳ್ಳಿಯಿಂದ ಬಹಳ ದೂರವೇನಲ್ಲ, ಗದಗ ದಾಟಿ ಸ್ವಲ್ಪ ಮುಂದೆ. ಮಧ್ಯಾಹ್ನ ಕಾಶಿವಿಶ್ವೇಶ್ವರ ಗುಡಿ ನೋಡಿಕೊಂಡು ಬಂದು ಫ್ರಿಜ್ ತೆಗೆದರೆ ಒಳಗೆ 13 ಡಿಗ್ರಿ. ಮೊಸರು ಹುಳಿಯಾಗಿತ್ತು. ಅದು ಹೋಗಲಿ, ಅಪ್ಪನ ಇನ್ಸುಲಿನ್ ಇತ್ತು ಅದರಲ್ಲಿ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಗದಗದಲ್ಲಿ ಹೊಸದು ತಗೊಂಡೆವು. ಅಪ್ಪ ಏನೂ ಅನ್ನಲಿಲ್ಲ. ನನಗೆ ಮಾತ್ರ ಮನೆ ಮುಟ್ಟುವ ತನಕ ಅದೇ ಚಿಂತೆ.

ವ್ಯಾನ್ ಹಳೆಯ ಟೆಂಪೋ ಟ್ರಾವೆಲರ್. ಮಂಚ, ಅಡಿಗೆ ಕಟ್ಟೆ, ಕಪಾಟು ಎಲ್ಲ ಪ್ಲೈವುಡ್‌ನಲ್ಲಿ ನಾನೇ ಮಾಡಿದ್ದು. 12 ವೋಲ್ಟಿನ, 50 ಲೀಟರ್‌ನ ಕಂಪ್ರೆಸರ್ ಫ್ರಿಜ್ಜನ್ನು ಕಪಾಟಿನೊಳಗೆ ಬಿಗಿಯಾಗಿ ಕೂರಿಸಿದ್ದೆ. ಅಲುಗಾಡಬಾರದು ಅನ್ನುವುದೊಂದೇ ಆಗ ತಲೆಯಲ್ಲಿದ್ದದ್ದು.

ಗ್ಯಾಸ್ ಕಡಿಮೆಯಾಗಿರಬೇಕು ಅಂತ ಗೋಕುಲ ರೋಡಿನ ಕಡೆ ಫ್ರಿಜ್ ರಿಪೇರಿ ಮಾಡುವ ಕಾಕಾ ಹತ್ತಿರ ವ್ಯಾನ್ ಒಯ್ದೆ. ಅವರು ಕಪಾಟಿನ ಹಿಂದೆ ಕೈ ತೂರಿಸಿ, ತಟ್ಟನೆ ಹಿಂದಕ್ಕೆ ತೆಗೆದರು.

"ಗ್ಯಾಸ್ ಬರೋಬ್ಬರಿ ಐತಿ ತಮ್ಮಾ. ಬಿಸಿ ಗಾಳಿ ಹೊರಗ ಹೋಗಾಕ ದಾರಿನ ಇಟ್ಟಿಲ್ಲಲ್ಲ ನೀನು!"

ಫ್ರಿಜ್ ಒಳಗಿನ ಬಿಸಿಯನ್ನು ಎಳೆದು ಹಿಂದಿನ ಕಂಡೆನ್ಸರ್‌ನಿಂದ ಹೊರಗೆ ಬಿಡುತ್ತದೆ. ಅಲ್ಲಿನ ಗಾಳಿಯೇ ಕಾದಿದ್ದರೆ ಬಿಸಿ ಬಿಡುವುದು ಎಲ್ಲಿಗೆ? ಥರ್ಮಾಮೀಟರ್ ಇಟ್ಟು ನೋಡಿದೆ. ವ್ಯಾನಿನೊಳಗೆ 37, ಫ್ರಿಜ್ ಹಿಂದೆ 54. ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಅದು ಸುಮಾರು 4 ಆಂಪ್ ಎಳೆಯುತ್ತದೆ. ಇಡೀ ದಿನ ಓಡಿದರೆ 96 ಆಂಪ್-ಅವರ್. ನನ್ನ ಬ್ಯಾಟರಿ ಇರುವುದೇ 100ರದು.

ವ್ಯಾನಿನ ಹೊರಮೈಗೆ ಕೈ ಹಚ್ಚಬಾರದು ಅಂತ ಮೊದಲೇ ತೀರ್ಮಾನ ಮಾಡಿದೆ. ತಗಡು ಕೊರೆದರೆ ಮಳೆಗಾಲದಲ್ಲಿ ನೀರು, ಆಮೇಲೆ ತುಕ್ಕು. ಕಂಪ್ರೆಸರ್ ಫ್ರಿಜ್ಜಿನ ಬಿಸಿಯನ್ನು ವ್ಯಾನಿನೊಳಗೇ ಮೇಲಕ್ಕೆ ಬಿಟ್ಟು, ಕಿಟಕಿಯಿಂದ ಕಳಿಸಬಹುದು. ಆದರೆ ಅಡಿಗೆ ಗ್ಯಾಸ್ ಉರಿಸಿ ನಡೆಯುವ ಫ್ರಿಜ್ ಇದ್ದವರು ಹೀಗೆ ಮಾಡಲೇಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಪ್ರಾಣಕ್ಕೇ ಅಪಾಯ. ಅದು ಸೀದಾ ವಾಹನದ ಹೊರಗೇ ಹೋಗಬೇಕು.

ಕಪಾಟಿನ ಬುಡದಲ್ಲಿ, ಮಂಚದ ಕೆಳಗಿನ ನೆರಳಿನ ಕಡೆಗೆ, 30 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಕಂಡಿ ಕೊರೆದೆ. ಅದಕ್ಕೆ ಸೊಳ್ಳೆ ಜಾಲರಿ. ಜಾಲರಿ ಗಾಳಿಯನ್ನು ತಡೆಯುತ್ತದೆ, ಹಾಗಾಗಿ ಒಳಬರುವ ದಾರಿ ಹೊರಹೋಗುವ ದಾರಿಗಿಂತ ದೊಡ್ಡದಿರಬೇಕು. ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನನ್ನು ಮೊದಲು ಈ ಕೆಳಗಿನ ಕಂಡಿಗೇ ಹಾಕಿ ಒಳಕ್ಕೆ ಊದಿಸಿದೆ. 54 ಇದ್ದದ್ದು 50 ಆಯಿತು, ಅಷ್ಟೇ.

ಯಾಕೆ ಅಂತ ತೋರಿಸಿದ್ದು ಊದಿನಕಡ್ಡಿ. ಅವ್ವನ ದೇವರ ಜಗಲಿಯಿಂದ ಒಂದು ತಂದು ಹಚ್ಚಿ ಕಂಡಿಯ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಯಿತು. ಆದರೆ ಕಂಡೆನ್ಸರ್ ಕಡೆ ತಿರುಗಲೇ ಇಲ್ಲ. ಫ್ರಿಜ್ ಬದಿಯ ಎರಡು ಬೆರಳಿನ ಸಂದಿಯಲ್ಲಿ ನುಗ್ಗಿ, ಮುಂದಿನಿಂದ ಇಳಿದು ಮತ್ತೆ ಅದೇ ಕಂಡಿಗೆ ಬಂತು. ಗಾಳಿ ಸುಮ್ನೆ ಸುತ್ತು ಹೊಡೆಯುತ್ತಿತ್ತು.

ಫ್ಯಾನನ್ನು ಕಪಾಟಿನ ಮೇಲ್ತುದಿಗೆ, ಹೊರಕ್ಕೆ ಎಳೆಯುವ ಹಾಗೆ ಕೂರಿಸಿದೆ. ಬಿಸಿ ಗಾಳಿ ತಾನಾಗೇ ಮೇಲೇರುತ್ತದೆ, ಫ್ಯಾನ್ ಅದಕ್ಕೆ ಕೈ ಜೋಡಿಸಿದರೆ ಸಾಕು. ಬದಿಯ ಸಂದಿಗಳಿಗೆ ಫೋಮ್ ಪಟ್ಟಿ ತುರುಕಿದೆ. ಫ್ರಿಜ್ ತಲೆಯ ಮೇಲೆ ಅಲ್ಯೂಮಿನಿಯಂ ತಗಡನ್ನು ಓರೆಯಾಗಿ ಹಚ್ಚಿದೆ, ಏರಿದ ಗಾಳಿ ಮೂಲೆಯಲ್ಲಿ ನಿಲ್ಲದೆ ಫ್ಯಾನಿನ ಕಡೆ ತಿರುಗಲಿ ಅಂತ. ಸ್ಕ್ರೂ ಎಲ್ಲ ಕಪಾಟಿಗೇ. ಫ್ರಿಜ್ ಗೋಡೆಯೊಳಗೆ ಗ್ಯಾಸಿನ ಪೈಪು ಎಲ್ಲಿದೆಯೋ ಕಾಣುವುದಿಲ್ಲ ಅಲ್ವಾ? ಮತ್ತೆ ಊದಿನಕಡ್ಡಿ ಹಿಡಿದೆ. ಹೊಗೆ ದಾರದ ಹಾಗೆ ನೆಟ್ಟಗೆ ಕಂಡೆನ್ಸರ್ ಹಾದು ಮೇಲೆ ಹೋಯಿತು. ಅವ್ವನನ್ನು ಕರೆದು ತೋರಿಸಿದೆ, ಅಷ್ಟು ಖುಷಿಯಾಗಿತ್ತು.

ಮರುದಿನ ಅದೇ ಹೊತ್ತಿಗೆ ಫ್ರಿಜ್ ಹಿಂದೆ 42. ಕಂಪ್ರೆಸರ್ ಗಂಟೆಗೆ 25 ನಿಮಿಷ ಓಡಿ ನಿಲ್ಲುತ್ತಿತ್ತು. ಫ್ಯಾನ್ ತಿನ್ನುವುದು 0.2 ಆಂಪ್ ಮಾತ್ರ. ಬ್ಯಾಟರಿ ಕಡೆಗೆ 1 ಆಂಪಿನ ಫ್ಯೂಸ್, ತಂತಿ ಒಳಗಿನ ತಗಡು ದಾಟುವಲ್ಲಿ ಉಜ್ಜಿ ಸವೆಯದಂತೆ ರಬ್ಬರ್ ಬುಶ್ ಹಾಕಿದ್ದೇನೆ. ಇವೆರಡು ಬೇಕೇ ಬೇಕು. ಬಿಸಿ ನೋಡಿ ಫ್ಯಾನ್ ಚಾಲೂ ಮಾಡುವ ಥರ್ಮೋಸ್ಟಾಟ್ ಕೂಡ ಇದೆ. ಮೊದಲು 36ಕ್ಕೆ ಇಟ್ಟಿದ್ದೆ. ನಮ್ಮ ಮೇ ತಿಂಗಳಿನಲ್ಲಿ ಮಧ್ಯಾಹ್ನ ವ್ಯಾನೇ ಅಷ್ಟು ಕಾಯುತ್ತದೆ, ಫ್ಯಾನ್ ನಿಲ್ಲಲೇ ಇಲ್ಲ. ಈಗ 40ಕ್ಕೆ ಇಟ್ಟಿದ್ದೇನೆ.

ಎರೆಮಣ್ಣಿನ ಸೀಮೆಯ ಧೂಳು ಬಲು ಸಣ್ಣ. ಒಂದು ಸಲ ಗದಗ ಕಡೆ ಹೋಗಿ ಬಂದರೆ ಜಾಲರಿ ಮುಚ್ಚಿಹೋಗುತ್ತದೆ. ಹಳೆಯ ಪೇಂಟ್ ಬ್ರಶ್‌ನಿಂದ ಜಾಲರಿ, ಕಂಡೆನ್ಸರ್ ಎರಡನ್ನೂ ಜಾಡಿಸುತ್ತೇನೆ.

ಮೇ ಕೊನೆಗೆ ಬ್ಯಾಡಗಿಗೆ ಹೋದೆವು. ಊಟಕ್ಕೆ ಮುಂಚೆ ಅಪ್ಪ ತಾವೇ ಹೋಗಿ ಫ್ರಿಜ್ ತೆಗೆದರು. ಇನ್ಸುಲಿನ್ ಡಬ್ಬಿ ಕೈಯಲ್ಲಿ ಹಿಡಿದು ನೋಡಿ, "ತಣ್ಣಗ ಐತಿ" ಅಂದರು. ಒಳಗೆ 5 ಡಿಗ್ರಿ ಇತ್ತು.