ನಾಯಿಗೆ ಹಾಲು ಹಾಕಬಹುದಾ? ಚಮಚದಿಂದ ಶುರು ಮಾಡಿ

ಬಟ್ಟಲಿಗೆ ಹಾಲು ಬಿದ್ದ ಸದ್ದು ಕೇಳಿದರೆ ಸಾಕು, ನಮ್ಮ ನಾಯಿ ಎಂಥ ನಿದ್ದೆಯಿಂದಲೂ ಎದ್ದು ಬರುತ್ತದೆ. ಒಂದೇ ಉಸಿರಿಗೆ ನೆಕ್ಕಿ ಮುಗಿಸುತ್ತದೆ. ಆಮೇಲೆ ಖಾಲಿ ಬಟ್ಟಲನ್ನು ಗೋಡೆವರೆಗೂ ತಳ್ಳಿಕೊಂಡು ಹೋಗಿ, ಅಲ್ಲಿ ಅದು ಜಾರದಂತೆ ಮೂತಿ ಒತ್ತಿ ಮತ್ತೆ ನೆಕ್ಕುತ್ತದೆ. ಇಷ್ಟು ಆಸೆಪಟ್ಟು ಕುಡಿಯುವುದು ಒಳ್ಳೆಯದೇ ಇರಬೇಕು ಅಂದುಕೊಂಡು ಒಂದು ಸಂಜೆ ದೊಡ್ಡ ಲೋಟದ ತುಂಬಾ ಹಾಕಿದೆ. ರಾತ್ರಿ ಎರಡು ಗಂಟೆಗೆ ಬಾಗಿಲ ಹತ್ತಿರ ಉಗುರಿನ ಟಕಟಕ ಸದ್ದು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಕಾಲೊರೆಸುವ ಮ್ಯಾಟಿನ ಕಥೆ ಮುಗಿದಿತ್ತು.

ಹಾಲು ನಾಯಿಗೆ ವಿಷವಲ್ಲ. ಹಾಗಂತ ಬೇಕೇಬೇಕಾದ ಆಹಾರವೂ ಅಲ್ಲ. ಕೆಲವು ನಾಯಿಗಳಿಗೆ ಒಂದಿಷ್ಟು ಒಗ್ಗುತ್ತದೆ, ಕೆಲವಕ್ಕೆ ನಾಲ್ಕು ಚಮಚವೂ ಜಾಸ್ತಿ. ನಿಮ್ಮ ನಾಯಿ ಯಾವ ಗುಂಪಿನದು ಅಂತ ಅದು ಕುಡಿಯುವ ರಭಸ ನೋಡಿದರೆ ಗೊತ್ತಾಗುವುದಿಲ್ಲ. ಮರುದಿನದ ಮಲ ನೋಡಿದರೆ ಗೊತ್ತಾಗುತ್ತದೆ.

ಹೊಟ್ಟೆಯಲ್ಲಿ ಏನಾಗುತ್ತದೆ?

ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ. ಅದನ್ನು ಒಡೆದು ಜೀರ್ಣ ಮಾಡಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಮರಿಗಳಲ್ಲಿ ಇದು ಧಾರಾಳವಾಗಿರುತ್ತದೆ, ತಾಯಿಯ ಹಾಲೇ ಅವುಗಳ ಊಟ ಅಲ್ವಾ. ಮೊಲೆ ಬಿಟ್ಟ ಮೇಲೆ ಕಿಣ್ವ ಕಡಿಮೆಯಾಗುತ್ತಾ ಹೋಗುತ್ತದೆ. ಎಷ್ಟು ಕಡಿಮೆ ಅನ್ನುವುದು ನಾಯಿಯಿಂದ ನಾಯಿಗೆ ಬೇರೆ.

ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಅದು ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ನೀರಿನಿಂದ ಭೇದಿ, ಗ್ಯಾಸಿನಿಂದ ಹೊಟ್ಟೆಯ ಗುಡುಗುಡು ಮತ್ತು ಕೋಣೆ ಬಿಟ್ಟು ಓಡುವಂಥ ವಾಸನೆ. ಒಂದು ಟೀ ಚಮಚ ಹಾಲಿನಲ್ಲಿ ಲ್ಯಾಕ್ಟೋಸ್ ಕಾಲು ಗ್ರಾಂ ಆಸುಪಾಸು. 250 ಮಿಲಿ ಲೋಟದಲ್ಲಿ ಸುಮಾರು 12 ಗ್ರಾಂ. ನನ್ನ ಮ್ಯಾಟ್ ಯಾಕೆ ಹಾಳಾಯಿತು ಅಂತ ಈಗ ತಿಳಿಯಿತಲ್ಲ.

ಮೊದಲ ಹೆಜ್ಜೆ: ಕೊಡಲೇಬಾರದವರನ್ನು ಬಿಡಿ

ನಿಮ್ಮ ನಾಯಿಗೆ ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದರೆ ಹಾಲಿನ ಪ್ರಯೋಗವೇ ಬೇಡ. ಕೊಬ್ಬಿನ ಆಹಾರ ಆ ಕಾಯಿಲೆಯನ್ನು ಮತ್ತೆ ಕೆದಕಬಹುದು. ಮಿನಿಯೇಚರ್ ಶ್ನೌಜರ್ ತಳಿಯಲ್ಲಿ ಈ ತೊಂದರೆ ಹೆಚ್ಚು. ಮೈ ಬಂದ ನಾಯಿ, ಈಗಾಗಲೇ ಭೇದಿಯಲ್ಲಿರುವ ನಾಯಿ, ಇವಕ್ಕೂ ಬೇಡ.

ಅಲರ್ಜಿ ಬೇರೆಯದೇ ವಿಷಯ. ಅದು ಲ್ಯಾಕ್ಟೋಸ್‌ಗಲ್ಲ, ಹಾಲಿನ ಪ್ರೋಟೀನ್‌ಗೆ ಆಗುವಂಥದ್ದು. ಸುಮ್ನೆ ಪಂಜ ನೆಕ್ಕುತ್ತಾ ಕೂರುವುದು, ಮೈ ಕೆರೆದುಕೊಳ್ಳುವುದು, ಕಿವಿ ಪದೇ ಪದೇ ಕೆಂಪಾಗುವುದು ಅದರ ಲಕ್ಷಣ. ಇಂಥ ನಾಯಿಗೆ ಲ್ಯಾಕ್ಟೋಸ್ ತೆಗೆದ ಹಾಲೂ ಆಗುವುದಿಲ್ಲ.

ಎರಡನೇ ಹೆಜ್ಜೆ: ಯಾವ ಹಾಲು?

ಸಾದಾ ಹಾಲು. ಸಕ್ಕರೆ ಬೇಡ, ಫ್ಲೇವರ್ ಬೇಡ. ಹಸಿ ಹಾಲಂತೂ ಬೇಡವೇ ಬೇಡ, ಅದರಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ರೋಗಾಣು ಇರಬಹುದು. ಪಾಶ್ಚರೀಕರಿಸಿದ್ದು ಅಥವಾ ಕಾಯಿಸಿ ಆರಿಸಿದ್ದು ಇರಲಿ. ಕೆನೆ ತೆಗೆದದ್ದಾದರೆ ಕೊಬ್ಬಿನ ಚಿಂತೆ ಕಡಿಮೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಕುದಿಸಿದರೆ ಹೊಟ್ಟೆಗೆ ಹಗುರ ಅನ್ನುತ್ತಾರೆ. ಕುದಿಸಿದರೆ ಸಾಯುವುದು ರೋಗಾಣು, ಲ್ಯಾಕ್ಟೋಸ್ ಅಲ್ಲೇ ಇರುತ್ತದೆ. ನೀರು ಬೆರೆಸಿದರೆ ಆಯ್ತು ಅನ್ನುವವರೂ ಇದ್ದಾರೆ. ಒಂದು ಲೋಟ ಹಾಲನ್ನು ಎರಡು ಲೋಟ ಮಾಡಿ ಎರಡನ್ನೂ ಕುಡಿಸಿದರೆ ಹೊಟ್ಟೆಗೆ ಹೋದ ಲ್ಯಾಕ್ಟೋಸ್ ಅಷ್ಟೇ ತಾನೇ?

ಮೇಕೆ ಹಾಲಿನಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ, ಇಲ್ಲವೇ ಇಲ್ಲ ಅನ್ನುವಷ್ಟಲ್ಲ. ಎಮ್ಮೆ ಹಾಲು ಇನ್ನೂ ಜಿಡ್ಡು. ಬಾದಾಮಿ, ಸೋಯಾ ಪಾನೀಯಗಳಲ್ಲಿ ಲ್ಯಾಕ್ಟೋಸ್ ಇಲ್ಲ, ಆದರೆ ಪ್ಯಾಕೆಟ್ ತಿರುಗಿಸಿ ಓದಿ. ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ಅಲ್ಲೇ ಬಿಡಿ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಗೇ ಇಳಿಸಿಬಿಡುತ್ತದೆ, ಲಿವರನ್ನೂ ಹಾಳು ಮಾಡಬಹುದು. ಚಾಕೊಲೇಟ್ ಹಾಲಿನಲ್ಲಿ ಥಿಯೋಬ್ರೋಮಿನ್, ಕಾಫಿ ಟೀಯಲ್ಲಿ ಕೆಫೀನ್. ಎರಡೂ ನಾಯಿಗೆ ವಿಷ.

ನನ್ನನ್ನು ಕೇಳಿದರೆ ಹಾಲಿಗಿಂತ ಸಾದಾ ಮೊಸರು ವಾಸಿ. ಹೆಪ್ಪಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದು ಪಾಲನ್ನು ತಾವೇ ಮುಗಿಸಿರುತ್ತವೆ.

ಮೂರನೇ ಹೆಜ್ಜೆ: ಒಂದು ಚಮಚ, ಒಂದು ದಿನ

ಹೊಟ್ಟೆ ಸರಿಯಿರುವ ದಿನ ನೋಡಿಕೊಳ್ಳಿ. ನೀವು ಮನೆಯಲ್ಲೇ ಇರುವ ದಿನವಾದರೆ ಒಳ್ಳೆಯದು, ಬೆಳಗ್ಗೆಯೇ ಕೊಡಿ. ನನ್ನ ಹಾಗೆ ಸಂಜೆ ಕೊಟ್ಟು ರಾತ್ರಿ ಚಪ್ಪಲಿ ಹುಡುಕಬೇಡಿ. ಅವತ್ತು ಬೇರೆ ಯಾವ ಹೊಸ ತಿಂಡಿಯನ್ನೂ ಹಾಕಬೇಡಿ, ಇಲ್ಲದಿದ್ದರೆ ಯಾವುದು ಆಗಿಬರಲಿಲ್ಲ ಅಂತ ತಿಳಿಯುವುದೇ ಇಲ್ಲ.

ಮಧ್ಯಮ ಗಾತ್ರದ ನಾಯಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ. ಪುಟ್ಟ ತಳಿಗೆ ಅರ್ಧ ಚಮಚ. ಎಂದಿನ ಊಟದ ಮೇಲೇ ಹನಿಸಿ. ಖಾಲಿ ಹೊಟ್ಟೆಗಿಂತ ಊಟದ ಜೊತೆ ಹೋದರೆ ಹಾಲು ಕರುಳಿಗೆ ನಿಧಾನವಾಗಿ ಇಳಿಯುತ್ತದೆ.

ಇನ್ನು ಕಾಯುವುದು. ತೊಂದರೆ ಬರುವುದಾದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಬರುತ್ತದೆ, ಆದರೂ ಮರುದಿನದವರೆಗೆ ಗಮನವಿಡಿ. ನಾಯಿ ಪಕ್ಕಕ್ಕೆ ಮಲಗಿದಾಗ ಹೊಟ್ಟೆಗೆ ಕಿವಿ ಕೊಡಿ. ಸಣ್ಣ ಗೊರಗೊರ ಮಾಮೂಲಿ. ದೂರಕ್ಕೂ ಕೇಳುವಂತೆ ಗುಡುಗುತ್ತಿದ್ದರೆ ಹಾಲು ಸೇರಲಿಲ್ಲ ಅಂತ ಅನುಮಾನಪಡಿ. ವಾಕಿಂಗ್‌ನಲ್ಲಿ ಮಲ ಎತ್ತುವಾಗ ಚೆನ್ನಾಗಿ ನೋಡಿ. ಆಕಾರ ಕೆಡದೆ ಚೀಲಕ್ಕೆ ಬಂದರೆ ಸರಿ. ನೆಲಕ್ಕೆ ಮೆತ್ತಿಕೊಂಡು ಪೂರ್ತಿ ಎತ್ತಲು ಬರದಿದ್ದರೆ ಮೆದುವಾಗಿದೆ ಅಂತ ಅರ್ಥ. ಇದನ್ನು ಬರೆಯಲು ಮುಜುಗರ ಏನಿಲ್ಲ, ನಾಯಿ ಸಾಕುವವರ ಮಾತುಕತೆ ಅರ್ಧ ಇದೇ ಆಗಿರುತ್ತದೆ.

ಏನೂ ಆಗದಿದ್ದರೆ ಎರಡು ದಿನ ಬಿಟ್ಟು ಎರಡು ಚಮಚ. ಮಲ ಮೆದುವಾದರೆ ಅಲ್ಲಿಗೆ ನಿಲ್ಲಿಸಿ. ಮತ್ತೆ ಮತ್ತೆ ಕೊಟ್ಟು ರೂಢಿ ಮಾಡಿಸುತ್ತೇನೆ ಅನ್ನುವ ಹಟ ಬೇಡ.

ನಾಲ್ಕನೇ ಹೆಜ್ಜೆ: ಮಿತಿ ಹಾಕಿಕೊಳ್ಳಿ

ತಿಂಡಿ ತೀರ್ಥ ಎಲ್ಲಾ ಸೇರಿ ದಿನದ ಕ್ಯಾಲೊರಿಯ 10 ಶೇಕಡಾ ದಾಟಬಾರದು ಅನ್ನುವುದು ಪಶುವೈದ್ಯರು ಹೇಳುವ ಲೆಕ್ಕ. 10 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 500ರಿಂದ 600 ಕ್ಯಾಲೊರಿ ಬೇಕು ಅಂದುಕೊಳ್ಳಿ. ಗಟ್ಟಿ ಹಾಲಾದರೆ 100 ಮಿಲಿಗೇ 60 ಕ್ಯಾಲೊರಿ ದಾಟುತ್ತದೆ. ಅಂದರೆ ಅರ್ಧ ಲೋಟಕ್ಕೂ ಮುಂಚೆ ಆ ದಿನದ ತಿಂಡಿಯ ಕೋಟಾ ಮುಗಿಯಿತು. ಒಗ್ಗುವ ನಾಯಿಗೂ ಎರಡು ಮೂರು ಚಮಚ, ಅದೂ ಯಾವಾಗಲೋ ಒಮ್ಮೆ ಸಾಕು. ಮೂಳೆ ಗಟ್ಟಿಯಾಗಲಿ ಅಂತ ಹಾಲು ಹಾಕುವುದೂ ಬೇಕಿಲ್ಲ. ಸಮತೋಲನದ ಆಹಾರದಲ್ಲೇ ಕ್ಯಾಲ್ಸಿಯಂ ಇರುತ್ತದೆ. ನೀರಿನ ಬಟ್ಟಲಂತೂ ಯಾವಾಗಲೂ ತುಂಬಿರಲಿ.

ಭೇದಿ ಶುರುವಾದರೆ ಹಾಲು ನಿಲ್ಲಿಸಿ, ನೀರು ಕುಡಿಯುತ್ತಿದೆಯಾ ನೋಡಿ. ಹಾಲಿನಿಂದಾದದ್ದು ಹೆಚ್ಚಾಗಿ ಒಂದು ದಿನದಲ್ಲಿ ತಾನಾಗಿಯೇ ತಹಬಂದಿಗೆ ಬರುತ್ತದೆ. ನಿಮ್ಮ ಭೇದಿ ಮಾತ್ರೆಯನ್ನು ಅದಕ್ಕೆ ನುಂಗಿಸಬೇಡಿ. ಅಂಥ ಕೆಲವು ಮಾತ್ರೆಗಳಲ್ಲಿರುವ ಲೋಪೆರಮೈಡ್ ಅನ್ನುವ ಔಷಧ, ಕಾಲಿ (Collie) ತಳಿಯ ಕೆಲವು ನಾಯಿಗಳ ಮಿದುಳಿಗೇ ಏಟು ಕೊಡುತ್ತದೆ. ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ಬೆನ್ನು ಬಗ್ಗಿಸಿ ನರಳುವುದು, ಒಸಡು ಒಣಗಿ ಅಂಟಂಟಾಗುವುದು ಕಂಡರೆ ಕಾಯದೆ ವೈದ್ಯರ ಬಳಿ ಹೋಗಿ. ಮರಿಯಾದರೆ ಇಷ್ಟೆಲ್ಲ ಆಗುವವರೆಗೂ ಕಾಯಬೇಡಿ.

ತಾಯಿ ಇಲ್ಲದ ಮರಿಗಳಿಗೆ

ಮರಿಗೆ ಹಾಲು ಜೀರ್ಣ ಆಗುತ್ತದಲ್ಲ, ಹಸುವಿನ ಹಾಲು ಹಾಕಿದರಾಯಿತು ಅನಿಸುತ್ತದೆ. ಆದರೆ ನಾಯಿಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಹಸುವಿನ ಹಾಲಿನ ಎರಡು ಪಟ್ಟಿನಷ್ಟಿರುತ್ತವೆ, ಲ್ಯಾಕ್ಟೋಸ್ ಮಾತ್ರ ಕಡಿಮೆ. ಹಸುವಿನ ಹಾಲಿನ ಮೇಲೇ ಬಿಟ್ಟರೆ ಮರಿ ಭೇದಿಯಾಗಿ ಸೊರಗುತ್ತದೆ. ನಾಯಿಮರಿಗಳಿಗಂತಲೇ ತಯಾರಿಸಿದ ಹಾಲಿನ ಪುಡಿ ತನ್ನಿ.

ಮೈ ತಣ್ಣಗಿರುವ ಮರಿಗೆ ಹಾಲು ಹಾಕಬಾರದು, ಮೊದಲು ಮೆಲ್ಲಗೆ ಬೆಚ್ಚಗೆ ಮಾಡಿ. ಮಗುವಿನಂತೆ ಅಂಗಾತ ಮಲಗಿಸಬೇಡಿ. ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ ಹಿಡಿದು ಬಾಟಲಿ ಕೊಡಿ, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು, ಹಾಗೆ ಮಾಡದೆ ಎಳೆ ಮರಿ ಉಚ್ಚೆ ಹೊಯ್ಯುವುದಿಲ್ಲ.

ಮಾತ್ರೆ ಮತ್ತು ವಿಷ

ಮಾತ್ರೆಯನ್ನು ಹಾಲಿನಲ್ಲಿ ಕರಗಿಸಿ ಕೊಡುವ ಮುಂಚೆ ವೈದ್ಯರನ್ನು ಕೇಳಿ. ಟೆಟ್ರಾಸೈಕ್ಲಿನ್‌ನಂಥ ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಹಾಲಿನ ಕ್ಯಾಲ್ಸಿಯಂ ಹಿಡಿದಿಟ್ಟುಬಿಡುತ್ತದೆ, ಔಷಧ ಮೈಗೆ ಹತ್ತುವುದಿಲ್ಲ. ನಾಯಿ ವಿಷ ತಿಂದಾಗ ಹಾಲು ಕುಡಿಸಿದರೆ ಇಳಿಯುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಕೊಬ್ಬಿನಲ್ಲಿ ಕರಗುವ ವಿಷವಾದರೆ ಹಾಲಿನಿಂದ ಅದು ಮೈಗೆ ಇನ್ನೂ ಬೇಗ ಸೇರಬಹುದು. ಬಾಯಿಗೆ ಏನನ್ನೂ ಹಾಕದೆ, ಅದು ತಿಂದದ್ದರ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡು ವೈದ್ಯರಿಗೆ ಫೋನ್ ಮಾಡಿ.