ಡೇರೆಗಿಂತ ಮೊದಲು ನೆಲ: ಮಸಾಯಿ ಮಾರಾದಲ್ಲಿ ನಾವು ಕ್ಯಾಂಪ್ ಆರಿಸಿದ ಬಗೆ

ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಬೇಕೆಂದು ವಿಚಾರಿಸತೊಡಗಿದವರ ಕಣ್ಣಿಗೆ ಮೊದಲು ಬೀಳುವುದು ಸಿಂಹವಲ್ಲ, ಸ್ನಾನದ ತೊಟ್ಟಿ. ಹಿತ್ತಾಳೆಯ ಕಾಲುಗಳ ಬಿಳಿ ತೊಟ್ಟಿ, ಅದರಾಚೆ ಡೇರೆಯ ತೆರೆದ ಬಾಗಿಲು, ಬಾಗಿಲಾಚೆ ಹುಲ್ಲುಗಾವಲಿನಲ್ಲಿ ನಿಂತ ಒಂದು ಜಿರಾಫೆ. ಬೆಂಗಳೂರಿನ ಪ್ರವಾಸ ಏಜೆಂಟರೊಬ್ಬರು ನಮಗೂ ಇಂಥ ಚಿತ್ರಗಳ ರಾಶಿಯನ್ನೇ ಕಳುಹಿಸಿದರು. ಎಲ್ಲದರ ಮೇಲೂ ‘ಲಕ್ಷುರಿ’ ಎಂಬ ಮುದ್ರೆ. ಈ ಕ್ಯಾಂಪು ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿದರೆ ‘ಮಾರಾದಲ್ಲೇ ಮೇಡಂ’ ಎಂಬ ಉತ್ತರ. ಮಾರಾದಲ್ಲಿ ಎಂದರೆ ಯಾರ ನೆಲದಲ್ಲಿ ಎಂದು ಮತ್ತೆ ಕೇಳಿದೆ. ಅದಕ್ಕೆ ಬಂದದ್ದು ಇನ್ನೊಂದು ತೊಟ್ಟಿಯ ಚಿತ್ರ. ಅಲ್ಲಿಂದ ಮುಂದೆ ಹುಡುಕಾಟವನ್ನು ನಾನೇ ಕೈಗೆತ್ತಿಕೊಂಡೆ.

ಹೊರಟವರು ಮೂವರು. ನಾನು, ಕ್ಯಾಮೆರಾ ಬಿಟ್ಟು ಕದಲದ ನಮ್ಮ ಯಜಮಾನರು, ಮತ್ತು ನನ್ನ ಅಕ್ಕ. ಅಕ್ಕನಿಗೆ ಮಂಡಿನೋವು, ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವವಳಲ್ಲ. ಕಬಿನಿ, ಬಂಡೀಪುರಗಳನ್ನು ಮೂವರೂ ಸಾಕಷ್ಟು ಸುತ್ತಿದ್ದೆವು. ಗೊತ್ತುಪಡಿಸಿದ ಹೊತ್ತಿಗೆ ಹೊರಟು, ಗೊತ್ತುಪಡಿಸಿದ ದಾರಿ ಬಿಡದೆ, ಗೊತ್ತುಪಡಿಸಿದ ಹೊತ್ತಿಗೆ ಗೇಟಿನ ಹೊರಗೆ ಬರುವ ಸಫಾರಿಯ ಶಿಸ್ತು ನಮಗೆ ರೂಢಿಯಾಗಿತ್ತು. ಒಂದು ಹುಲಿ ಕಂಡಿತೆಂದರೆ ಜೀಪು, ಕ್ಯಾಂಟರುಗಳೆಲ್ಲ ಅಲ್ಲಿಗೇ ನುಗ್ಗುವುದೂ ರೂಢಿಯಾಗಿತ್ತು. ಆಫ್ರಿಕಕ್ಕೆ ಹೋಗಿಯೂ ಅದನ್ನೇ ನೋಡುವುದು ಬೇಡವಾಗಿತ್ತು. ಖರ್ಚು ಮಾಡುವುದೆಂದು ನಿಶ್ಚಯವಾಗಿತ್ತು. ಯಾವುದಕ್ಕೆ ಎಂಬುದಷ್ಟೇ ಉಳಿದಿತ್ತು.

ನೆಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್. ಅದು ನರೋಕ್ ಕೌಂಟಿ ಸರ್ಕಾರದ ಕೈಯಲ್ಲಿದೆ. ಮಾರಾ ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಎಂಬ ಭಾಗವನ್ನು ಮಾತ್ರ 2001ರಿಂದ ಒಂದು ಪ್ರತ್ಯೇಕ ಸಂಸ್ಥೆ ನೋಡಿಕೊಳ್ಳುತ್ತಿದೆ. ಮೀಸಲು ಪ್ರದೇಶದ ಉತ್ತರಕ್ಕೂ ಪೂರ್ವಕ್ಕೂ ಇರುವುದು ಮಸಾಯಿ ದನಗಾಹಿಗಳ ಸ್ವಂತ ಭೂಮಿ. ಮೊದಲು ಸಾಮೂಹಿಕ ಒಡೆತನದಲ್ಲಿದ್ದ ಈ ಹುಲ್ಲುಗಾವಲು ಹಂಚಿಕೆಯಾಗಿ ಒಬ್ಬೊಬ್ಬರ ಹೆಸರಿಗೆ ಬಂತು. ಒಬ್ಬೊಬ್ಬರೂ ಬೇಲಿ ಹಾಕಿಕೊಂಡಿದ್ದರೆ ಪ್ರಾಣಿಗಳ ಓಡಾಟ ಅಲ್ಲಿಗೇ ನಿಲ್ಲುತ್ತಿತ್ತು. ಅದರ ಬದಲು ಭೂಮಾಲೀಕರು ಅಕ್ಕಪಕ್ಕದ ಜಮೀನುಗಳನ್ನು ಒಟ್ಟುಗೂಡಿಸಿ ಕ್ಯಾಂಪ್ ನಡೆಸುವವರಿಗೆ ಗುತ್ತಿಗೆಗೆ ಕೊಟ್ಟರು. ಪ್ರವಾಸಿಗರು ಬರಲಿ ಬಿಡಲಿ, ಗುತ್ತಿಗೆಯ ಹಣ ಸಲ್ಲಬೇಕೆಂಬುದು ಒಪ್ಪಂದ. ಇವೇ ಕನ್ಸರ್ವೆನ್ಸಿಗಳು: ಮಾರಾ ನಾರ್ತ್, ಓಲಾರೆ ಮೊಟೊರೊಗಿ, ಓಲ್ ಕಿನ್ಯೆಯ್, ನಬೋಯಿಷೋ. ನಬೋಯಿಷೋ ಶುರುವಾದದ್ದು 2010ರಲ್ಲಿ. ಸುಮಾರು 50,000 ಎಕರೆ, ಐನೂರಕ್ಕೂ ಹೆಚ್ಚು ಭೂಮಾಲೀಕರು.

ಪ್ರವಾಸಿಗೆ ಇದರಿಂದ ಆಗುವ ವ್ಯತ್ಯಾಸ ಚಿಕ್ಕದಲ್ಲ. ಕನ್ಸರ್ವೆನ್ಸಿಯಲ್ಲಿ ಇಷ್ಟು ಎಕರೆಗೆ ಒಂದೇ ಡೇರೆ ಎಂಬ ಲೆಕ್ಕವಿದೆ. ಅಲ್ಲಿ ಉಳಿದುಕೊಂಡವರ ವಾಹನಕ್ಕಷ್ಟೇ ಪ್ರವೇಶ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನ ನಿಲ್ಲುವಂತಿಲ್ಲ. ದಾರಿ ಬಿಟ್ಟು ಹುಲ್ಲಿನೊಳಗೆ ಹೋಗಬಹುದು, ಕತ್ತಲಾದ ಮೇಲೂ ಸಫಾರಿ ಮಾಡಬಹುದು, ಗೈಡ್ ಜೊತೆಗೆ ಕಾಲ್ನಡಿಗೆಯಲ್ಲಿ ಸುತ್ತಬಹುದು. ಮೀಸಲು ಪ್ರದೇಶದಲ್ಲಿ ರಾತ್ರಿ ಸಫಾರಿ ಇಲ್ಲ, ದಾರಿ ಬಿಡುವುದಕ್ಕೆ ನಿರ್ಬಂಧವಿದೆ. ಆದರೆ ಮಾರಾ ನದಿ ಇರುವುದು ಅಲ್ಲಿ. ವಿಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ಮೊಸಳೆಗಳ ನಡುವೆ ನದಿ ದಾಟುವ ದೃಶ್ಯ ಬೇಕೆಂದರೆ ಅಲ್ಲಿಗೇ ಹೋಗಬೇಕು. 1972ರಿಂದ ನಡೆಯುತ್ತಿರುವ ಗವರ್ನರ್ಸ್ ಕ್ಯಾಂಪಿನಂಥವು ನದಿಯ ದಂಡೆಯಲ್ಲೇ ಇವೆ. ಜುಲೈಯಿಂದ ಅಕ್ಟೋಬರ್ ನಡುವೆ ನದಿ ದಾಟುವುದನ್ನು ನೋಡಲೆಂದೇ ಹೋಗುವವರು ಇಂಥ ಕಡೆ ಇಳಿದುಕೊಳ್ಳುವುದೇ ಸರಿ.

ಮೂರನೆಯ ಬಗೆಯೊಂದಿದೆ. ಹೆಸರಿನಲ್ಲಿ ಮಾರಾ ಇರುತ್ತದೆ, ಕ್ಯಾಂಪು ಮಾತ್ರ ಮೀಸಲು ಪ್ರದೇಶದ ಗೇಟಿನ ಹೊರಗೆ, ತಲೆಕ್ ಅಥವಾ ಸೆಕೆನಾನಿ ಊರುಗಳ ಆಸುಪಾಸಿನಲ್ಲಿ. ಏಜೆಂಟರ ಚಿತ್ರಗಳಲ್ಲಿದ್ದ ತೊಟ್ಟಿಗಳು ಬಹುಪಾಲು ಈ ಬಗೆಯವು. ಅಲ್ಲಿಂದ ದಿನವೂ ಗೇಟು ದಾಟಿ ಒಳಗೆ ಹೋಗಬೇಕು, ದಿನದ ಟಿಕೆಟ್ ಬೇರೆ. 2024ರಿಂದ ವಿದೇಶೀಯರಿಗೆ ಮೀಸಲು ಪ್ರದೇಶದ ಶುಲ್ಕ ತಲಾ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ನಡೆಯುವುದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಕಡಿಮೆ ದರ ಎಂದು ತೋರಿಸುವ ಎಷ್ಟೋ ಪ್ಯಾಕೇಜುಗಳಲ್ಲಿ ಇದು ಸೇರಿರುವುದಿಲ್ಲ. ಮೂವರ ಶುಲ್ಕ ಕೂಡಿಸಿ ನೋಡಿದಾಗ ಅಗ್ಗದ ಕ್ಯಾಂಪಿಗೂ ದುಬಾರಿ ಕ್ಯಾಂಪಿಗೂ ನಡುವಿನ ಅಂತರ ಅರ್ಧಕ್ಕರ್ಧ ಕರಗಿಹೋಯಿತು.

ನದಿ ದಾಟುವ ದೃಶ್ಯವನ್ನು ನಾವು ಕೈಬಿಟ್ಟೆವು. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಆದರೆ ದಂಡೆಯಲ್ಲಿ ಹತ್ತಾರು ವಾಹನಗಳು ಗಂಟೆಗಟ್ಟಲೆ ಬಿಸಿಲಿನಲ್ಲಿ ಕಾಯುವುದು, ಮೊದಲ ವಿಲ್ಡ್‌ಬೀಸ್ಟ್ ನೀರಿಗೆ ಇಳಿದೊಡನೆ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಮೊರೆಯುವುದು, ಹಿಂಡು ಬೆದರಿ ಹಿಂದಿರುಗುವುದು, ಇವೆಲ್ಲ ನನಗೆ ಹೇಳಿ ಮಾಡಿಸಿದ್ದಲ್ಲ. ಫೆಬ್ರುವರಿಯನ್ನು ಆರಿಸಿಕೊಂಡೆವು. ಆಗ ವಿಲ್ಡ್‌ಬೀಸ್ಟ್‌ಗಳ ದೊಡ್ಡ ಹಿಂಡು ತಾಂಜಾನಿಯಾದ ನ್ಡುಟು ಬಯಲಿನಲ್ಲಿ ಕರು ಹಾಕುತ್ತಿರುತ್ತದೆ. ಮಾರಾದಲ್ಲಿ ಸಿಂಹ, ಚಿರತೆ, ಚೀತಾ, ಆನೆ, ಜಿರಾಫೆಗಳು ವರ್ಷವಿಡೀ ಇರುವಂಥವು, ಎಲ್ಲಿಗೂ ಹೋಗುವುದಿಲ್ಲ. ಮಳೆ ಕಡಿಮೆ, ಕ್ಯಾಂಪುಗಳ ದರವೂ ಇಳಿದಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇನ್ನೂ ಇಳಿಯುತ್ತದೆ, ಆದರೆ ಅದು ದೊಡ್ಡ ಮಳೆಯ ಕಾಲ. ಕೆಲವು ಕ್ಯಾಂಪುಗಳು ಬಾಗಿಲನ್ನೇ ಹಾಕುತ್ತವೆ.

ಕನ್ಸರ್ವೆನ್ಸಿ ಎಂದಾದ ಮೇಲೆ ಕ್ಯಾಂಪುಗಳಿಗೆ ನೇರವಾಗಿ ಮೇಲ್ ಬರೆದೆ. ಎಲ್ಲರಿಗೂ ಒಂದೇ ಪ್ರಶ್ನಾವಳಿ. ಡೇರೆ ಎಷ್ಟು? ಒಂದು ವಾಹನದಲ್ಲಿ ಎಷ್ಟು ಜನರನ್ನು ಕೂರಿಸುತ್ತೀರಿ, ಎಲ್ಲರಿಗೂ ಅಂಚಿನ ಸೀಟು ಸಿಗುತ್ತದೆಯೇ? ಕನ್ಸರ್ವೆನ್ಸಿ ಶುಲ್ಕ, ರಾತ್ರಿ ಸಫಾರಿ, ಪುಟ್ಟ ವಿಮಾನ ಇಳಿಯುವ ಜಾಗದಿಂದ ಕರೆತರುವುದು ದರದಲ್ಲಿ ಸೇರಿದೆಯೇ? ಗೈಡ್‌ಗಳು ಯಾವ ದರ್ಜೆಯವರು? ಊಟದ ಡೇರೆಯಿಂದ ಮಲಗುವ ಡೇರೆಗೆ ಎಷ್ಟು ದೂರ, ಮೆಟ್ಟಿಲು ಇವೆಯೇ? ಉತ್ತರಗಳಲ್ಲಿ ನಾನು ಹುಡುಕಿದ್ದು ‘ಇಲ್ಲ’ ಎಂಬ ಮಾತನ್ನು. ಎಲ್ಲದಕ್ಕೂ ಹೌದು ಹೌದು ಎಂದವರನ್ನು ಅಲ್ಲೇ ಬಿಟ್ಟೆ. ಒಂದು ಕ್ಯಾಂಪಿನವರು ಮಾತ್ರ ಹೀಗೆ ಬರೆದಿದ್ದರು: ನಮ್ಮಲ್ಲಿ ಈಜುಕೊಳವಿಲ್ಲ, ತೊಟ್ಟಿಯೂ ಇಲ್ಲ, ನದಿಗೆ ಹೋಗಿಬರಲು ಇಡೀ ದಿನ ಬೇಕು, ಅದೇ ನಿಮ್ಮ ಉದ್ದೇಶವಾದರೆ ಬೇರೆ ಕಡೆ ನೋಡಿ, ನಿಮ್ಮ ಅಕ್ಕನವರಿಗೆ ಊಟದ ಡೇರೆಗೆ ತೀರ ಹತ್ತಿರದ ಡೇರೆ ಕೊಡುತ್ತೇವೆ, ವಾಹನ ಹತ್ತಲು ಮರದ ಮೆಟ್ಟಿಲಿನ ಪೆಟ್ಟಿಗೆ ಇಡುತ್ತೇವೆ. ನಬೋಯಿಷೋದ ಆ ಪುಟ್ಟ ಕ್ಯಾಂಪನ್ನೇ ಗೊತ್ತು ಮಾಡಿದೆವು.

ದರ ಕಡಿಮೆಯೇನಲ್ಲ. ಇಂಥ ಕ್ಯಾಂಪುಗಳಲ್ಲಿ ತಲಾ ಒಂದು ರಾತ್ರಿಗೆ ಐನೂರು ಡಾಲರಿನಿಂದ ಸಾವಿರ ದಾಟುವವರೆಗೂ ಇದೆ. ಊಟ, ಸಫಾರಿ, ಬಟ್ಟೆ ಒಗೆಸುವುದು ಎಲ್ಲ ಅದರಲ್ಲೇ. ಒಂದು ದರ್ಜೆ ಮೇಲಿನ ಡೇರೆ ಕೊಡಲೇ ಎಂದು ಕೇಳಿದರು. ಬೇಡ, ಆ ಹಣಕ್ಕೆ ನಮಗೇ ಒಂದು ಪ್ರತ್ಯೇಕ ವಾಹನ ಕೊಡಿ ಎಂದೆ. ಇಡೀ ಯೋಜನೆಯಲ್ಲಿ ಇದಕ್ಕಿಂತ ಸರಿಯಾದ ತೀರ್ಮಾನ ಇನ್ನೊಂದಿಲ್ಲ. ಬೇರೆಯವರ ಜೊತೆ ಹಂಚಿಕೊಂಡ ವಾಹನದಲ್ಲಿ ಒಬ್ಬರಿಗೆ ಹಕ್ಕಿ ಬೇಕು, ಒಬ್ಬರಿಗೆ ತಿಂಡಿ ಬೇಕು, ಒಬ್ಬರಿಗೆ ಚಿರತೆ ಬಿಟ್ಟು ಬೇರೇನೂ ಬೇಡ. ನಮ್ಮದೇ ವಾಹನವಿದ್ದುದರಿಂದ ಯಜಮಾನರು ಒಂದೇ ಚೀತಾದ ಮುಂದೆ ಬೆಳಗಿನ ಅರ್ಧ ಹೊತ್ತು ಕುಳಿತರು; ಅಕ್ಕ ಕಾಲು ಚಾಚಿಕೊಂಡು ನಿದ್ದೆ ಮಾಡಿದಳು.

ಗೈಡ್ ವಿಷಯದಲ್ಲಿ ಜನ ಕೇಳುವುದೇ ಕಡಿಮೆ. ಕೀನ್ಯಾದಲ್ಲಿ ಸಫಾರಿ ಗೈಡ್‌ಗಳ ವೃತ್ತಿಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆ ಕೊಡುತ್ತದೆ. ಬೆಳ್ಳಿ ದರ್ಜೆಯ ಗೈಡ್ ಬೇಕೆಂದು ಮೊದಲೇ ಬರೆದಿದ್ದೆ. ಬಂದವರು ಅದೇ ನೆಲದಲ್ಲಿ ದನ ಕಾಯುತ್ತ ಬೆಳೆದ ಮಸಾಯಿ ಯುವಕ. ಒಂದು ಬೆಳಿಗ್ಗೆ ಆರೇಳು ಜಿರಾಫೆಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿ ನಿಂತಿದ್ದವು. ನಾವು ಜಿರಾಫೆಗಳನ್ನು ನೋಡುತ್ತಿದ್ದೆವು. ಅವರು ಜಿರಾಫೆಗಳು ನೋಡುತ್ತಿದ್ದ ಕಡೆ ನೋಡಿದರು. ಎಂಜಿನ್ ನಿಲ್ಲಿಸಿದರು. ಎಲ್ಲ ಕತ್ತುಗಳೂ ಒಂದೇ ಪೊದೆಯ ಕಡೆಗೆ ತಿರುಗಿದ್ದವು. ದಾರಿ ಬಿಟ್ಟು, ದೊಡ್ಡ ಸುತ್ತು ಹಾಕಿ, ಗಾಳಿಗೆ ಎದುರಾಗಿ ಆ ಪೊದೆಯ ಹಿಂಬದಿಗೆ ಬಂದಾಗ ಎರಡು ಹೆಣ್ಣುಸಿಂಹಗಳು, ಅವುಗಳ ಹೊಟ್ಟೆಗೆ ಒತ್ತಿಕೊಂಡು ನಾಲ್ಕು ಮರಿಗಳು. ಒಂದು ಮರಿಯ ಕಿವಿಯ ತುಂಬ ನೊಣ. ತಾಯಿಯ ಬಾಲ ಅದರ ಮುಖಕ್ಕೆ ಬಡಿದಾಗಲೆಲ್ಲ ಸಿಟ್ಟಿನಿಂದ ಬಾಲವನ್ನೇ ಕಚ್ಚುತ್ತಿತ್ತು. ಬಹಳ ಹೊತ್ತು ನಮ್ಮದೊಂದೇ ವಾಹನ. ಜಿಂಕೆಯ ಕೂಗು ಕೇಳಿ ಹುಲಿಯ ದಿಕ್ಕು ಹೇಳುವ ಕಬಿನಿಯ ಚಾಲಕರ ನೆನಪಾಯಿತು. ಆದರೆ ದಿಕ್ಕು ಗೊತ್ತಾದರೂ ಅಲ್ಲಿ ದಾರಿ ಬಿಡುವಂತಿಲ್ಲ; ಇಲ್ಲಿ ಬಿಡಬಹುದು. ನಾವು ಹಣ ತೆತ್ತದ್ದು ಆ ಅರ್ಧ ಕಿಲೋಮೀಟರಿಗೆ.

ಕನ್ಸರ್ವೆನ್ಸಿಯಲ್ಲಿ ದನಗಳೂ ಕಾಣಿಸುತ್ತವೆ. ಸರದಿಯ ಪ್ರಕಾರ ಹುಲ್ಲುಗಾವಲಿನ ಒಂದೊಂದು ಭಾಗದಲ್ಲಿ ಮೇಯಿಸುತ್ತಾರೆ. ಅಷ್ಟು ದುಡ್ಡು ಕೊಟ್ಟು ದನ ನೋಡಬೇಕೇ ಎಂದು ಪಕ್ಕದ ಡೇರೆಯ ಯುರೋಪಿಯನ್ ಪ್ರವಾಸಿಯೊಬ್ಬರು ಗೊಣಗಿದರು. ಭೂಮಿ ಮಸಾಯಿಗಳದು, ದನವೂ ಅವರದು, ಅತಿಥಿ ನಾವು. ಕೊರೋನಾ ಕಾಲದಲ್ಲಿ ಪ್ರವಾಸಿಗರು ನಿಂತು ಗುತ್ತಿಗೆಯ ಹಣಕ್ಕೇ ಕುತ್ತು ಬಂದಾಗ ಆ ಜನರ ಬೆನ್ನಿಗಿದ್ದದ್ದು ಈ ದನಗಳೇ.

ಡೇರೆಯ ಬಗ್ಗೆ ಇನ್ನು ಹೆಚ್ಚು ಹೇಳಬೇಕಾಗಿಲ್ಲ. ಕ್ಯಾನ್ವಾಸ್ ಗೋಡೆ, ಒಳ್ಳೆಯ ಹಾಸಿಗೆ, ಒಳಗೇ ಶೌಚಾಲಯ. ಸ್ನಾನಕ್ಕೆ ಬಕೆಟ್ ಶವರ್: ಹೊರಗೆ ಎತ್ತರದಲ್ಲಿ ತೂಗಿದ ಚೀಲದಂಥ ಬಕೆಟಿಗೆ ಹೇಳಿದ ಹೊತ್ತಿಗೆ ಬಿಸಿನೀರು ತುಂಬುತ್ತಾರೆ, ಒಳಗಿನಿಂದ ಸರಪಳಿ ಎಳೆದರೆ ನೀರು. ಸೋಪು ಹಚ್ಚಿಕೊಳ್ಳುವಾಗ ನಿಲ್ಲಿಸಬೇಕು, ಇಲ್ಲದಿದ್ದರೆ ನೊರೆಯಲ್ಲೇ ನಿಂತು ಇನ್ನೊಂದು ಬಕೆಟಿಗಾಗಿ ಕೂಗಬೇಕು. ಮಲೆನಾಡಿನ ಹಂಡೆನೀರಿನಲ್ಲಿ ಬೆಳೆದ ಅಕ್ಕನಿಗೆ ಇದು ತೊಟ್ಟಿಗಿಂತ ಹಿಡಿಸಿತು. ವಿದ್ಯುತ್ತು ಸೌರಶಕ್ತಿಯದು, ಹೇರ್ ಡ್ರೈಯರ್ ನಡೆಯುವುದಿಲ್ಲ. ಕ್ಯಾಂಪಿಗೆ ಬೇಲಿಯಿಲ್ಲ, ಕತ್ತಲಾದ ಮೇಲೆ ಕಾವಲುಗಾರ ಟಾರ್ಚ್ ಹಿಡಿದು ಜೊತೆಗೆ ಬರದೆ ಡೇರೆಯಿಂದ ಕಾಲಿಡುವಂತಿಲ್ಲ. ಮಾರಾ ಇರುವುದು 1,500 ಮೀಟರಿಗೂ ಮೇಲೆ, ಬೆಳಗಿನ ಚಳಿ ಮೂಳೆಗೆ ಇಳಿಯುತ್ತದೆ. ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಾರೆ. ಮೊದಲ ರಾತ್ರಿ ಅದು ಕಾಲಿಗೆ ತಗುಲಿ ಅಕ್ಕ ಚೀರಿದ್ದು ಊಟದ ಡೇರೆಯವರೆಗೂ ಕೇಳಿಸಿತು.

ಸಸ್ಯಾಹಾರದ ಚಿಂತೆ ಕೀನ್ಯಾದಲ್ಲಿ ಬೇಡ. ಒಂದು ಶತಮಾನಕ್ಕೂ ಹಿಂದೆ ರೈಲು ಹಾಕಲು ಹೋದ ಭಾರತೀಯರಿಂದಲೂ ವ್ಯಾಪಾರಕ್ಕೆ ಹೋದ ಗುಜರಾತಿಗಳಿಂದಲೂ ಚಪಾತಿ, ಸಮೋಸ ಅಲ್ಲಿನ ಮನೆಮನೆಯ ತಿಂಡಿಗಳಾಗಿವೆ. ‘ಜೈನ ಊಟ’ ಎಂದರೆ ಅಡುಗೆಯವರಿಗೆ ಅರ್ಥವಾಗುತ್ತದೆ, ಈರುಳ್ಳಿ ಬೆಳ್ಳುಳ್ಳಿ ಬೀಳುವುದಿಲ್ಲ. ಅಕ್ಕ ಹೊತ್ತುಕೊಂಡು ಬಂದ ಚಟ್ನಿಪುಡಿಯನ್ನು ಕೊನೆಗೆ ಅಡುಗೆಯವರೇ ಕೇಳಿ ಇಟ್ಟುಕೊಂಡರು.

ಇನ್ನು ಕೆಲವು ಒರಟು ವಿವರಗಳು. ನೈರೋಬಿಯಿಂದ ರಸ್ತೆಯಲ್ಲಿ ಐದಾರು ಗಂಟೆ, ಕೊನೆಯ ಭಾಗ ಬೆನ್ನಿಗೆ ಒಳ್ಳೆಯದಲ್ಲ. ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಗಂಟೆಯೊಳಗೆ ಮಾರಾ. ಆದರೆ ಸಾಮಾನು ಕೈಚೀಲವೂ ಸೇರಿ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ದೊಡ್ಡ ಸೂಟ್‌ಕೇಸನ್ನು ನೈರೋಬಿಯ ಹೋಟೆಲಿನಲ್ಲಿ ಬಿಟ್ಟೆವು. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ದೇಶದಲ್ಲೇ ನಿಷೇಧ. ಚಟ್ನಿಪುಡಿ ಡಬ್ಬಿಯಲ್ಲಿ ಹೋಯಿತು. ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಿಂದಿರುಗಿದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಅಕ್ಕನ ವಯಸ್ಸಿನಲ್ಲಿ ಲಸಿಕೆ ಹಾಕಿಸಬಹುದೇ ಎಂಬುದನ್ನು ವೈದ್ಯರ ಬಳಿ ಮೊದಲೇ ಕೇಳಿದ್ದೆವು. ಅರವತ್ತು ದಾಟಿದವರು ಕೇಳಲೇಬೇಕು. ತುರ್ತಿಗೆ ರೋಗಿಗಳನ್ನು ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ, ವಿಲ್ಸನ್‌ನಿಂದಲೇ ಹೊರಡುವ ಅಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸೇವೆ ಇದೆ. ನಮ್ಮ ಕ್ಯಾಂಪಿನ ದರದಲ್ಲಿ ಅದರ ರಕ್ಷಣೆ ಸೇರಿತ್ತು. ಎಲ್ಲ ಕಡೆ ಸೇರಿರುವುದಿಲ್ಲ, ಕೇಳಿಕೊಳ್ಳಿ.

ಈಗ ಬೋಟ್ಸ್‌ವಾನಾದ ಒಕವಾಂಗೊ ನದಿಯ ಮುಖಜಭೂಮಿಯಲ್ಲಿರುವ ಕ್ಯಾಂಪುಗಳಿಗೆ ಮೇಲ್‌ಗಳು ಹೋಗುತ್ತಿವೆ. ಅಲ್ಲಿ ಪ್ರಶ್ನೆಯೇ ಬೇರೆ: ಅಂಗೋಲಾದ ಎತ್ತರದಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು ಬಂದು, ಊರೆಲ್ಲ ಒಣಗಿರುವ ಜೂನ್‌ನಿಂದ ಆಗಸ್ಟ್ ನಡುವೆ ಮುಖಜಭೂಮಿಯನ್ನು ತುಂಬುತ್ತದೆ. ಹಾಗಾಗಿ ಒಂದೇ ಕ್ಯಾಂಪಿನಲ್ಲಿ ಒಂದು ತಿಂಗಳು ದೋಣಿ, ಇನ್ನೊಂದು ತಿಂಗಳು ಜೀಪು. ನೀವು ಯಾವ ತಿಂಗಳಲ್ಲಿ ಯಾವುದರಲ್ಲಿ ಕರೆದೊಯ್ಯುತ್ತೀರಿ ಎಂದು ಕೇಳಿದ್ದಕ್ಕೆ ಇಬ್ಬರು ‘ವರ್ಷವಿಡೀ ಎರಡೂ’ ಎಂದಿದ್ದಾರೆ. ಅವರನ್ನು ಪಟ್ಟಿಯಿಂದ ತೆಗೆದಿದ್ದೇನೆ.